ಕೋಸಿನ ಹುಳು ನೂಲಿಗೆ ಜೋತುಬಿದ್ದದ್ದು

ಲೋಕ ಇನ್ನೂ ಹೊಸದಾಗಿತ್ತು. ಎಷ್ಟು ಹೊಸದು ಅಂದರೆ, ಬೆಟ್ಟ ಮುಟ್ಟಿದರೆ ಬಣ್ಣ ಕೈಗೆ ಅಂಟುತ್ತಿತ್ತು. ನಂಬದಿದ್ದರೆ ಬಿಡಿ, ನನ್ನ ಅಂಗಿಯ ಮೇಲೆ ಕಲೆ ಇನ್ನೂ ಇದೆ.

ಆಗ ಚುಕ್ಕವ್ವ ಅಂತ ಒಬ್ಬಳು ಪತಂಗ ಇದ್ದಳು. ಉದ್ದ ಒಂದು ಅಕ್ಕಿಕಾಳಿನಷ್ಟು. ರೆಕ್ಕೆ ಮಡಚಿದರೆ ಬೆನ್ನ ಮೇಲೆ ಸಾಲಾಗಿ ಮೂರು ವಜ್ರ. ಜಂಬ ಮಾತ್ರ ಆನೆಯಷ್ಟು.

"ಇಂಥ ವಜ್ರ ಇನ್ಯಾರ ಹತ್ತಿರ ಇದೆ?"

"ನನ್ನ ಹತ್ರ ಇದೆ ತಾಯಿ," ಅಂದಿತು ಮಣ್ಣು.

ಮಣ್ಣಲ್ಲ, ಮಣ್ಣಿನೊಳಗಿದ್ದ ಕಣಪ್ಪ. ಕಣಪ್ಪ ಒಂದು ಬ್ಯಾಕ್ಟೀರಿಯಾ. ಇನ್ನೂರು ಕಣಪ್ಪಂದಿರು ಸಾಲಾಗಿ ಮಲಗಿದರೂ ಒಂದು ಸಾಸಿವೆಕಾಳು ದಾಟುವುದಿಲ್ಲ.

"ಎಲ್ಲಿ, ತೋರಿಸು."

"ಹೊಟ್ಟೆಯಲ್ಲಿದೆ."

ಚುಕ್ಕವ್ವ ಬಿದ್ದು ಬಿದ್ದು ನಕ್ಕಳು. "ಹೊಟ್ಟೆಯಲ್ಲಿ ಅಂದ್ರೆ ನನಗೂ ಏಳು ಬೆಟ್ಟ ಇವೆ! ಮೇಲೆ ಬಾ, ಪಕ್ಕಪಕ್ಕ ಇಟ್ಟು ನೋಡೇಬಿಡೋಣ."

ಗಾಳಿ ಕಣಪ್ಪನನ್ನು ಧೂಳಿನ ಜೊತೆ ಎತ್ತಿ ಎಲೆಕೋಸಿನ ಮೇಲೆ ಕೂರಿಸಿತು.

"ಬಂದೆಯಾ?"

"ಬಂದೆ."

"ಎಲ್ಲಿದ್ದೀಯ?"

"ನಿನ್ನ ಮುಂದೇನೇ!"

ಅದೇ ಎಲೆಯ ಮೇಲೆ ಚುಕ್ಕವ್ವನ ಹಸಿರು ಮರಿಹುಳುಗಳು ಊಟಕ್ಕೆ ಕೂತಿದ್ದವು. ಅವಳು ಮಕ್ಕಳಿಗೆ ಕಲಿಸಿದ್ದು ಒಂದೇ ಪಾಠ: ಎಲೆಯಲ್ಲಿ ಏನೂ ಬಿಡಬಾರದು. ಮಕ್ಕಳು ಎಂಥ ವಿಧೇಯರು ಅಂದರೆ, ಎಲೆಯನ್ನೂ ಬಿಡುತ್ತಿರಲಿಲ್ಲ. ಪಾಪ, ಎಲೆಕೋಸಮ್ಮ ಜರಡಿಯಾಗಿ ಹೋಗಿದ್ದಳು.

ಕಿರಿಮಗ ಪುಟ್ಟೀರ ಕಣಪ್ಪನನ್ನೂ ಬಿಡಲಿಲ್ಲ. ಗುಳುಂ!

"ಅವ್ವಾ, ಹೊಟ್ಟೇಲಿ ಏನೋ ಚುಚ್ಚುತ್ತೆ. ಊಟ ಬೇಡ."

ಆ ವಂಶದಲ್ಲಿ ಊಟ ಬೇಡ ಅಂದವನು ಅವನೇ ಮೊದಲು. ಹುಳುವಿಗೆ ಊಟ ನಿಂತರೆ ಉಸಿರು ನಿಂತಂತೆ. ಚುಕ್ಕವ್ವ ಮಗನ ಹೊಟ್ಟೆಗೆ ಬಾಯಿಟ್ಟು ಕೂಗಿದಳು.

"ಕಣಪ್ಪಣ್ಣಾ, ನಿನ್ನ ವಜ್ರವೇ ದೊಡ್ಡದು! ನನ್ನ ಮಗನ್ನ ಬಿಟ್ಟುಬಿಡು!"

"ನಾನೇನು ಹಿಡ್ಕೊಂಡಿದ್ದೀನಾ ತಾಯಿ? ನುಂಗಿದೋನು ಅವನು!" ಅಂತ ಹೊಟ್ಟೆಯೊಳಗಿಂದ ದನಿ ಬಂತು. "ಅವನನ್ನ ಬೇಗ ಕುಲುಕಿಸು, ಹೊರಗೆ ಬೀಳ್ತೀನಿ!"

ಪುಟ್ಟೀರ ಬಾಯಿಂದ ನೂಲು ತೆಗೆದು ಎಲೆಯಂಚಿಗೆ ಅಂಟಿಸಿ ಕೆಳಕ್ಕೆ ಹಾರಿದ. ಗಾಳಿ ತೂಗಿತು. ಒಂದು ತೂಗು. ಎರಡು ತೂಗು. ಮೂರನೇ ತೂಗಿಗೆ ಕಣಪ್ಪ ಹೊರಗೆ ಬಿದ್ದ. ಯಾವ ಕಡೆಯಿಂದ ಅಂತ ಕೇಳಬೇಡಿ, ಬಾಯಿ ತುಂಬ ನೂಲಿತ್ತು.

"ವಜ್ರ ನೋಡೋಣ ಅಂತ ಕರೆದು ಎಂಥ ದಾರೀಲಿ ಕಳಿಸಿದ್ರಪ್ಪ!" ಗೊಣಗುತ್ತಾ ಅವನು ಮಣ್ಣಿಗಿಳಿದ.

"ಹಾಗನ್ನಬೇಡ ಕಣಪ್ಪ, ಆಗಾಗ ಬಂದು ಹೋಗು," ಅಂದಳು ಎಲೆಕೋಸಮ್ಮ.

ಅವತ್ತೇ ಚುಕ್ಕವ್ವ ಪಾಠ ಬದಲಿಸಿದಳು: ಎಲೆ ಅಲುಗಿದರೆ ಊಟ ಬಿಟ್ಟು ಹಾರು. ಅದಕ್ಕೇ ಇವತ್ತಿಗೂ ಕೋಸಿನ ಹುಳುವನ್ನು ಬೆರಳಿಂದ ಮುಟ್ಟಿದರೆ ಹಿಂದಕ್ಕೆ ಹಿಂದಕ್ಕೆ ಕುಣಿದು, ನೂಲು ಹಿಡಿದು ಜೋತುಬಿದ್ದು, ಬಂದವನು ಕಣಪ್ಪನೇ ಇರಬೇಕೆಂದು, ಅವನು ಹೋಗುವ ತನಕ ತೂಗಾಡುತ್ತಾ ಕಾಯುತ್ತದೆ.