ಏಳು ಬಾಯಿಯ ಆವಿಗೆ

“ಅಜ್ಜಯ್ಯ, ದೇಶದೇಶಗಳೆಲ್ಲ ಸೇರಿ ಹೊಡೆದಾಡಿದ ಆ ದೊಡ್ಡ ಯುದ್ಧ ಯಾಕೆ ಹುಟ್ಟಿತು? ತಪ್ಪು ಯಾರದು?” ಎಂದು ನನ್ನ ಶಿಷ್ಯ ಚೌಡಯ್ಯ ಕೇಳಿದ.

ಅವನು ಕೇಳಿದ್ದರಲ್ಲಿ ನ್ಯಾಯವಿತ್ತು. ಅವನ ಅಣ್ಣನೂ ಪಕ್ಕದ ಮನೆಯ ದೊಡ್ಡೀರನೂ ಒಂದೇ ದಿನ ಪಲ್ಟನ್ನಿಗೆ ಸೇರಿ, ಒಂದೇ ಹಡಗಿನಲ್ಲಿ ಸಮುದ್ರ ದಾಟಿದ್ದರು. ಅಣ್ಣ ಅಲ್ಲೇ ಯಾವುದೋ ಮರಳುಗಾಡಿನಲ್ಲಿ ಮಣ್ಣಾದ. ದೊಡ್ಡೀರ ಎದೆಗೆ ಪದಕ ಸಿಕ್ಕಿಸಿಕೊಂಡು ತಿರುಗಿ ಬಂದ. ಅವನು ಬಂದ ದಿನದಿಂದ ಚೌಡಯ್ಯ ಆ ಮನೆಯವರ ಮುಖ ನೋಡುತ್ತಿರಲಿಲ್ಲ. ಎರಡು ಮನೆಗೂ ಇದ್ದದ್ದು ಒಂದೇ ಅಂಗಳ. ಅದರ ನಡುವೆ ಬೇಲಿ ಹಾಕುತ್ತೇನೆಂದು ಜಾಲಿಮುಳ್ಳು ಕಡಿದು ತಂದಿದ್ದ. ಬೇಲಿಗೆ ನನ್ನ ಒಪ್ಪಿಗೆ ಬೇಕಿತ್ತು. ನಾನು ಹೂಂ ಅನ್ನದೆ ನಮ್ಮ ಕಡೆ ಯಾರೂ ಗೂಟ ನೆಡುವುದಿಲ್ಲ.

ನಾನು ಅಕ್ಷರ ಕಲಿತವನಲ್ಲ. ಆದರೆ ಅಕ್ಷರ ಕಲಿತವರು ಉತ್ತರ ಸಿಗದೆ ಹೋದಾಗ ಬಂದು ಕೂರುವುದು ನನ್ನ ಜಗಲಿಯ ಮೇಲೆಯೇ. ಕೂತುಕೋ, ಒಂದು ಆವಿಗೆಯ ಕತೆ ಹೇಳುತ್ತೇನೆ ಎಂದೆ.

ಒಂದು ಊರಿನಲ್ಲಿ ಏಳು ಮನೆ ಕುಂಬಾರರಿದ್ದರು. ಏಳು ಮನೆಗೂ ಮಡಕೆ ಸುಡಲು ಒಂದೇ ಆವಿಗೆ. ಅಂಥ ಆವಿಗೆಯನ್ನು ಈಗಿನವರು ಕಂಡಿಲ್ಲ, ನಾನು ಕಂಡಿದ್ದೇನೆ. ಈ ಬದಿಯಲ್ಲಿ ನಿಂತು ಕೂಗಿದರೆ, ಆ ಬದಿಗೆ ಕೇಳುವಷ್ಟರಲ್ಲಿ ಕೂಗಿದವನು ಊಟ ಮುಗಿಸಿ ಕೈ ತೊಳೆಯುತ್ತಿದ್ದ. ಆವಿಗೆಗೆ ಸುತ್ತಲೂ ಏಳು ಬಾಯಿ, ಮನೆಗೊಂದು. ತಮ್ಮ ಬಾಯಿಗೆ ತಾವೇ ಕಟ್ಟಿಗೆ ಹಾಕಬೇಕು. ಮೊದಲು ಸಣ್ಣ ಉರಿ. ಹಸಿ ಮಣ್ಣಿನ ನೀರು ಆರಿದ ಮೇಲೆ ದೊಡ್ಡ ಉರಿ. ಅವಸರ ಮಾಡಿದರೆ ಮಡಕೆ ಸಿಡಿಯುತ್ತದೆ. ನಡುವೆ ಇಟ್ಟದ್ದು ಕೆಂಪಗೆ ಬೇಯುತ್ತದೆ, ಅಂಚಿನಲ್ಲಿ ಇಟ್ಟದ್ದು ಅರೆಬೆಂದು ಕಪ್ಪಾಗುತ್ತದೆ. ಅದಕ್ಕೇ ನಡುವಿನ ಜಾಗ ಸರದಿಯಂತೆ ಮನೆಯಿಂದ ಮನೆಗೆ ಹೋಗುತ್ತಿತ್ತು.

ಅವರಲ್ಲಿ ಒಬ್ಬ ಕುಂಬಾರನಿಗೆ ಪಕ್ಕದ ಮನೆಯ ಕುಂಬಾರನ ಮೇಲೆ ಹೊಟ್ಟೆಕಿಚ್ಚು. ಪಕ್ಕದವನು ಮಣ್ಣನ್ನು ಎರಡು ಸಲ ತುಳಿಯುತ್ತಿದ್ದ, ಇವನು ಒಂದು ಸಲ. ಹಾಗಾಗಿ ಪಕ್ಕದವನ ಮಡಕೆ ಅಂಚಿನಲ್ಲಿ ಬೆಂದರೂ ಬೆರಳು ತಾಗಿಸಿದರೆ ಠಣ್ ಎನ್ನುತ್ತಿತ್ತು. ಇವನದು ನಡುವೆ ಬೆಂದರೂ ಡಬ್ ಎನ್ನುತ್ತಿತ್ತು. ಸಂತೆಯಲ್ಲಿ ಹೆಂಗಸರು ಪಕ್ಕದವನ ಮಡಕೆಯನ್ನು ಬಡಿದು ನೋಡುವಾಗ ಇವನಿಗೆ ಉಂಡ ಅನ್ನ ಗಂಟಲಿಗೆ ಬರುತ್ತಿತ್ತು. ಒಂದು ದಿನ ಹೆಂಡತಿ ಹೇಳಿಯೇಬಿಟ್ಟಳು: “ಅವರ ಮಡಕೆ ಸಂತೇಲಿ ಸದ್ದು ಮಾಡಿದ್ರೆ ನಿಮ್ಮ ಹೊಟ್ಟೇಲಿ ಯಾಕೆ ಕೇಳ್ತದೆ? ನೀವೂ ಇನ್ನೊಂದು ಸಲ ಮಣ್ಣು ತುಳೀರಿ.”

ಅವನು ತುಳಿಯಲಿಲ್ಲ. ಅದು ಕಾಲು ನೋಯುವ ಕೆಲಸ. ಅದರ ಬದಲು, ನಡುವಿನ ಜಾಗ ಇನ್ನು ಮೇಲೆ ಯಾವಾಗಲೂ ತನಗೇ ಇರಲಿ ಎಂದು ಕೇಳಿದ. ಸರದಿ ಇದೆಯಲ್ಲಪ್ಪ ಎಂದರು ಉಳಿದವರು. ಆಗ ಅವನು ಮನೆ ಮುಂದೆ ಕಟ್ಟಿಗೆ ಒಟ್ಟತೊಡಗಿದ. ಸುಡಲು ಅಲ್ಲ, ಪಕ್ಕದವನು ನೋಡಲಿ ಎಂದು.

ಪಕ್ಕದವನು ನೋಡಿದ. ಇಷ್ಟು ಕಟ್ಟಿಗೆ ಯಾಕಿರಬಹುದು ಎಂದು ಯೋಚಿಸಿದ. ಮಾರನೆಯ ದಿನ ಅವನೂ ಒಟ್ಟತೊಡಗಿದ. ಅವನೂ ಸುಡಲು ಅಲ್ಲ. ಇವನು ಹೆದರಲಿ ಎಂದು. ಈ ರಾಶಿ ಒಂದು ಗೇಣು ಏರಿದರೆ ಆ ರಾಶಿ ಒಂದು ಮೊಳ ಏರಿತು. ಕೊನೆಗೆ ಹದ್ದುಗಳು ಕೂಡ ಆ ರಾಶಿಗಳನ್ನು ಒಂದೇ ಉಸಿರಿಗೆ ದಾಟಲಾರದೆ, ಅರ್ಧದಲ್ಲಿ ಕೂತು ಸುಧಾರಿಸಿಕೊಂಡು ಉಳಿದರ್ಧ ಹಾರುತ್ತಿದ್ದವು. ಸುಳ್ಳಲ್ಲ, ಹಾಗೆ ದಣಿದ ಒಂದು ಹದ್ದಿಗೆ ನಾನೇ ನೀರು ಕುಡಿಸಿದ್ದೇನೆ. ಸುತ್ತಿನ ಕಾಡು ಬೋಳಾಯಿತು. ಆಮೇಲೆ ದೂರದ ಊರುಗಳ ಮರಕ್ಕೆ ಕೊಡಲಿ ಬಿತ್ತು. ಆ ಊರುಗಳ ನೇಕಾರರಿಗೂ ಕುರುಬರಿಗೂ ಆವಿಗೆ ಎಂದರೇನೆಂದು ಗೊತ್ತಿರಲಿಲ್ಲ. ಆದರೂ ಅವರ ಮನೆಯ ಗಂಡಸರನ್ನು ಕಟ್ಟಿಗೆ ಹೊರಲು ಕರೆತಂದರು.

ಉಳಿದ ಐದು ಮನೆಯವರು ಸುಮ್ಮನಿರಬಹುದಿತ್ತು. ಇರಲಿಲ್ಲ. ಇವನಿಗೆ ಹೆಣ್ಣು ಕೊಟ್ಟವರು ಇವನ ಕಡೆ, ಅವನಿಂದ ಹೆಣ್ಣು ತಂದವರು ಅವನ ಕಡೆ. ನಿನ್ನ ಮಡಕೆ ಒಡೆದರೆ ನನ್ನದೇ ಒಡೆದಂತೆ ಎಂದು ಗುಟ್ಟಾಗಿ ಕೈಮೇಲೆ ಕೈಯಿಟ್ಟು ಆಣೆ ಮಾಡಿಕೊಂಡರು. ಇವನ ಕಡೆ ನಾಲ್ಕು ಮನೆಯಾಯಿತು, ಪಕ್ಕದವನ ಕಡೆ ಮೂರು. ಹೊಟ್ಟೆಕಿಚ್ಚು ಇದ್ದದ್ದು ಒಬ್ಬನಿಗೆ, ಆಣೆ ಇದ್ದದ್ದು ಏಳು ಮನೆಗೂ.

ಆವಿಗೆಯಲ್ಲಿ ಮಡಕೆ ಪೇರಿಸುವ ದಿನ ಒಂದು ಮೇಕೆ ಹಾರಿ ಒಂದು ಹಣತೆ ಒಡೆಯಿತು. ಹಣತೆ ಎಲ್ಲರಿಗಿಂತ ಸಣ್ಣ ಕುಂಬಾರನದು. ಮೇಕೆ ಎದುರು ಗುಂಪಿನವನದು. ಹೋಗಲಿ ಬಿಡಿ, ಇನ್ನೊಂದು ಮಾಡಿಕೊಳ್ಳುತ್ತೇನೆ ಎಂದ ಹಣತೆಯವನು. ಅವನ ಮಾತು ಯಾರಿಗೂ ಬೇಕಿರಲಿಲ್ಲ. ಇಷ್ಟು ಕಾಲ ಒಟ್ಟಿದ ಕಟ್ಟಿಗೆಗೆ ಒಂದು ನೆವ ಬೇಕಿತ್ತು, ಸಿಕ್ಕಿತು.

ಹಾಗಾದರೆ ತಪ್ಪು ಮೇಕೆಯದೇ ಎಂದು ಚೌಡಯ್ಯ ನಡುವೆ ಬಾಯಿ ಹಾಕಿದ. ಮೇಕೆ ಯಾರ ಕೈಮೇಲೂ ಕೈಯಿಟ್ಟಿರಲಿಲ್ಲ, ಸುಮ್ಮನೆ ಕೇಳು ಎಂದೆ.

ಹೊಟ್ಟೆಕಿಚ್ಚಿನ ಕುಂಬಾರ ಒಂದು ಉಪಾಯ ಮಾಡಿದ. ತನ್ನ ಬಾಯಿಗೆ ಮೊದಲಿಗೇ ದೊಡ್ಡ ಉರಿ ಕೊಟ್ಟರೆ ಎದುರು ಬದಿಯ ಹಸಿ ಮಡಕೆಗಳು ಸಿಡಿಯುತ್ತವೆ. ತನ್ನವನ್ನು ಬಿಸಿಲಿನಲ್ಲಿ ಚೆನ್ನಾಗಿ ಒಣಗಿಸಿದ್ದಾನೆ, ಅವು ಉಳಿಯುತ್ತವೆ. ಮಧ್ಯಾಹ್ನದೊಳಗೆ ಎಲ್ಲ ಮುಗಿಸಿ ಊಟಕ್ಕೆ ಮನೆಗೆ ಹೋಗೋಣ ಎಂದು ತನ್ನ ಕಡೆಯವರಿಗೆ ಹೇಳಿದ. ಎದುರಿನವರೂ ತಮ್ಮವರಿಗೆ ಅದನ್ನೇ ಹೇಳಿದ್ದರು. ಏಳು ಬಾಯಿಗೂ ಒಮ್ಮೆಲೇ ಕಟ್ಟಿಗೆ ಬಿತ್ತು. ಬಾಯಿ ಏಳಾದರೂ ಆವಿಗೆಯ ಹೊಟ್ಟೆ ಒಂದೇ ಎಂಬುದನ್ನು ಹುಟ್ಟಾ ಕುಂಬಾರರೇ ಮರೆತರು.

ಆ ಮಧ್ಯಾಹ್ನ ಮುಗಿಯಲಿಲ್ಲ. ದಿನದ ಮೇಲೆ ದಿನ ಕಟ್ಟಿಗೆ ಸುರಿದರು. ನಿಲ್ಲಿಸಿದವನು ಸೋತಂತೆ ಎಂದು ಯಾರೂ ನಿಲ್ಲಿಸಲಿಲ್ಲ. ಕೊನೆಗೆ ಆವಿಗೆ ಒಡೆಯಿತು. ನನ್ನ ಜಗಲಿಯ ಕಂಬ ಓರೆಯಾದದ್ದು ಆ ಸದ್ದಿಗೇ. ಕಿಡಿ ಹಾರಿ ಏಳು ಮನೆಯ ಮಾಡಿಗೂ ಬೆಂಕಿ ಹಿಡಿಯಿತು. ಅಲ್ಲಿಂದ ಗಾಳಿ ಅದನ್ನು ನೇಕಾರರ ಊರಿಗೂ ಕುರುಬರ ಹಟ್ಟಿಗೂ ಒಯ್ದಿತು. ಕಟ್ಟಿಗೆ ಹೊತ್ತು ತಂದವರಲ್ಲಿ ಬಹಳ ಮಂದಿ ಆವಿಗೆಯ ಬಾಯಿಯ ಎದುರೇ ಬೆಂದುಹೋದರು. ಅವರ ಹೆಸರು ಯಾವ ಕುಂಬಾರನಿಗೂ ಗೊತ್ತಿರಲಿಲ್ಲ. ಹೊಟ್ಟೆಕಿಚ್ಚಿನವನ ಒಬ್ಬನೇ ಮಗ ಸತ್ತ. ಪಕ್ಕದವನ ತಮ್ಮಂದಿರು ಸತ್ತರು.

ಹೆಣ ಸುಡುವ ಮುಂಚೆ ಹೊಸ ಮಡಕೆಯಲ್ಲಿ ನೀರು ತುಂಬಿ, ಹೆಗಲ ಮೇಲೆ ಹೊತ್ತು, ಸುತ್ತು ಬಂದು ಒಡೆಯಬೇಕು. ಇಡೀ ಸೀಮೆಯ ಸಾವಿಗೆಲ್ಲ ಮಡಕೆ ಕೊಟ್ಟವರು ಅವರು. ಅವತ್ತು ಏಳು ಮನೆಯ ಬೂದಿ ಕೆದಕಿದರೂ ಒಂದು ಮಡಕೆ ಸಿಗಲಿಲ್ಲ. ಬೊಗಸೆಯಲ್ಲಿ ನೀರು ಹಿಡಿದು ಸುತ್ತು ಬಂದರು. ಕೊನೆಯ ಸುತ್ತಿಗೆ ಬೊಗಸೆಯಲ್ಲಿ ನೀರು ಉಳಿದಿರಲಿಲ್ಲ. ಒಡೆಯಲು ಏನೂ ಇರಲಿಲ್ಲ.

ನಾಲ್ಕು ಮನೆಗಳ ಗೋಡೆ ಉಳಿದಿತ್ತು, ಮೂರು ಮನೆಗಳದ್ದು ಉಳಿದಿರಲಿಲ್ಲ. ಗೋಡೆ ಉಳಿದವರು ತಾವೇ ಗೆದ್ದೆವು ಎಂದರು. ಪಂಚಾಯಿತಿ ಕೂಡಿಸಿ, ತಪ್ಪೆಲ್ಲ ನಮ್ಮದೇ ಎಂದು ಆ ಮೂರು ಮನೆಯವರ ಬಾಯಿಂದ ಹೇಳಿಸಿದರು. ಹೊಸ ಆವಿಗೆಗೆ ಮಣ್ಣು ಅವರೇ ಹೊರಬೇಕು. ಅವರ ಮಡಕೆ ಎಂದೆಂದಿಗೂ ಅಂಚಿನಲ್ಲೇ ಇರಬೇಕು. ನಡುವಿನ ಜಾಗ ಇನ್ನು ಹೊಟ್ಟೆಕಿಚ್ಚಿನ ಕುಂಬಾರನದು. ಅವನು ಕೇಳಿದ್ದು ಅವನಿಗೆ ಸಿಕ್ಕಿತು.

ಹೊಸ ಆವಿಗೆಯ ನಡುವೆ ನಿಂತು ಅವನು ಮಡಕೆ ಪೇರಿಸುತ್ತಿದ್ದ. ಕೆಳಗಿನಿಂದ ಎತ್ತಿಕೊಡಲು ಮಗನಿರಲಿಲ್ಲ. ಅಂಚಿನಲ್ಲಿ ಪಕ್ಕದವನು ಪೇರಿಸುತ್ತಿದ್ದ. ಅವನ ಮಗ ಎತ್ತಿಕೊಡುತ್ತಿದ್ದ. ಅಪ್ಪ ಮಗ ಏನೋ ಮಾತಾಡಿಕೊಂಡರು. ನಡುವೆ ನಿಂತವನ ಹೊಟ್ಟೆ ಮತ್ತೆ ಉರಿಯಿತು. ಅಂಚಿನವನ ಮಗ ತಲೆಯೆತ್ತಿ ನಡುವಿನ ಜಾಗವನ್ನು ನೋಡಿದ. ಅವನ ಹೊಟ್ಟೆಯೂ ಉರಿಯಿತು. ಆ ಸಂಜೆ ಎರಡು ಮನೆಯ ಮುಂದೆಯೂ ಒಂದೊಂದು ಹೊರೆ ಕಟ್ಟಿಗೆ ಬಂದು ಬಿತ್ತು.

ಇಷ್ಟು ಹೇಳಿ ನಾನು ಎಲೆ ಅಡಿಕೆ ಬಾಯಿಗೆ ಹಾಕಿಕೊಂಡೆ. ಚೌಡಯ್ಯ ಅಂಗವಸ್ತ್ರದಿಂದ ಕಣ್ಣೊರೆಸಿಕೊಂಡ. ಆಮೇಲೆ ಅವನಿಗೆ ಸಿಟ್ಟು ಬಂತು.

“ಅವನೆಂಥ ಮನುಷ್ಯ ಅಜ್ಜಯ್ಯ? ಸತ್ತ ಮಗನಿಗೆ ಅಳೋದು ಬಿಟ್ಟು, ಪಕ್ಕದವನ ಮಗ ಬದುಕಿದಾನಲ್ಲ ಅಂತ ಹೊಟ್ಟೆ ಉರಿಸಿಕೊಳ್ತಾನಲ್ಲ!”

ನಾನು ಹೇಳಿದೆ: “ನೀನು ಬೇಲಿ ಹಾಕುವುದು ಅಣ್ಣ ಬರಲಿಲ್ಲವೆಂದೋ, ದೊಡ್ಡೀರ ಬಂದನೆಂದೋ, ಅದೊಂದು ಹೇಳಿ ಹೋಗಿ ಗೂಟ ನೆಡು.”