ಇಷ್ಟು ದೊಡ್ಡ ಹೊಳೆ, ಇಷ್ಟು ಸಣ್ಣ ದೋಣಿ

ರಾಚಯ್ಯನಿಗೆ ಸಿಟ್ಟು ಬರಲು ದೊಡ್ಡ ಕಾರಣವೇನೂ ಬೇಕಿರಲಿಲ್ಲ. ಆದರೆ ಆ ದಿನ ಬಂದ ಸಿಟ್ಟಿನ ಬಿಸಿಯೇ ಬೇರೆ. ಕೆಂಪು ಪೆನ್ನಿನ ಮೊನೆ ಕಾಗದವನ್ನು ಹರಿದು ಮೇಜಿಗೆ ತಾಗಿತು.

ಹೊಳೆದಂಡೆಯ ಆ ಮಠದಲ್ಲಿ ಅವನೇ ಹಿರಿಯ ಶಿಷ್ಯ. ಮಠದ ಪಾಠಶಾಲೆಯಲ್ಲಿ ಆರು ವರ್ಷದಿಂದ ಇಂಗ್ಲಿಷ್ ಕಲಿಸುತ್ತಿದ್ದವನೂ ಅವನೇ. ಗುರುಗಳಿಗೆ ಇಂಗ್ಲಿಷ್ ಬಾರದು. ಊರೆಲ್ಲ ಅವರನ್ನು ಅಜ್ಜಾರು ಎನ್ನುತ್ತಿತ್ತು. ಇಂಗ್ಲಿಷಿನ ವಿಷಯದಲ್ಲಿ ಮಾತ್ರ ಮಠಕ್ಕೆ ತಾನೇ ಅಜ್ಜ ಎಂದು ರಾಚಯ್ಯ ಒಳಗೊಳಗೇ ತಿಳಿದಿದ್ದ.

ಕಾಗದ ಯಂಕವ್ವನದು. ಅಂಬಿಗರ ಹುಲಿಗೆಪ್ಪನ ಮಗಳು, ಹದಿಮೂರು ವರ್ಷದವಳು. ಅಪ್ಪನ ಬಗ್ಗೆ ಬರೆಯಿರಿ ಎಂದರೆ ಹೀಗೆ ಬರೆದಿದ್ದಳು: ‘ಮೈ ಫಾದರ್ ಕ್ರಾಸಸ್ ಸೋ ಬಿಗ್ ಎ ರಿವರ್ ಇನ್ ಸೋ ಸ್ಮಾಲ್ ಎ ಬೋಟ್.’ ನಮ್ಮಪ್ಪ ಇಷ್ಟು ದೊಡ್ಡ ಹೊಳೆಯನ್ನು ಇಷ್ಟು ಸಣ್ಣ ದೋಣಿಯಲ್ಲಿ ದಾಟುತ್ತಾನೆ, ಎಂದು.

“‘ಎ’ ಎಲ್ಲಿ ಕುಂದ್ರತೈತಿ?” ರಾಚಯ್ಯ ತರಗತಿಯನ್ನು ಕೇಳಿದ.

“ಎಲ್ಲಾಕಿಂತ ಮುಂದ್ರಿ ಸರ!” ಎಂದವು ಮಕ್ಕಳು ಒಂದೇ ಉಸಿರಿಗೆ. ಎ ಬಿಗ್ ರಿವರ್. ಎ ಸ್ಮಾಲ್ ಬೋಟ್. ಆರು ವರ್ಷದಿಂದ ಅವನು ಹಾಡಿಸಿಕೊಂಡು ಬಂದ ಪಾಠ ಅದು.

“ಮತ್ತ ನೀ ಯಾಕ ಅದನ್ನ ಹಿಂದಕ್ಕ ದಬ್ಬೀದಿ?”

ಯಂಕವ್ವ ಎದ್ದು ನಿಂತಳು. “ನನ್ನ ಪುಸ್ತಕದಾಗ ಹಂಗ ಐತ್ರಿ ಸರ. ‘ಸೋ’ ಬಂದ್ರ ‘ಎ’ ಹಿಂದಕ್ಕ ಹೋಗತೈತ್ರಿ.”

ಅವಳ ಪುಸ್ತಕ ಎಂದರೆ ದೋಣಿಯಲ್ಲಿ ಯಾರೋ ಬಿಟ್ಟುಹೋದ, ರಟ್ಟು ಕಿತ್ತ ಒಂದು ಕಥೆಪುಸ್ತಕ. ಅಪ್ಪ ಹುಟ್ಟು ಹಾಕುವಾಗ ಅವಳು ಅದನ್ನೇ ಓದುತ್ತ ಕೂರುತ್ತಿದ್ದಳು.

“ದೋಣ್ಯಾಗ ಸಿಕ್ಕ ಹರಕ ಪುಸ್ತಕ ನನಗ ಪಾಠ ಹೇಳತೈತೇನು?” ರಾಚಯ್ಯನ ದನಿ ಏರಿತು. “ತಪ್ಪು ಮಾಡಿದವರು ಎಲ್ಲಾರ ಮುಂದ ತಪ್ಪಾತು ಅನಬೇಕು. ಇಲ್ಲಿ ಅದು ನಿಯಮ. ಅನ್ನು.”

“ತಪ್ಪು ಆಗಿಲ್ಲರಿ ಸರ.”

“ಹಂಗಾದ್ರ ಹೊರಗ ಕುಂದ್ರು.”

ಬಾಗಿಲಾಚೆ ಒಂದು ಕಲ್ಲು ಇತ್ತು. ತಪ್ಪು ಮಾಡಿದವರು ಕೂರುವ ಜಾಗ ಅದು. ಯಂಕವ್ವ ಗಂಟೆ ಬಾರಿಸುವ ತನಕ ಬಿಸಿಲಲ್ಲಿ ಅಲ್ಲೇ ಕೂತಳು. ಆಮೇಲೆ ಚೀಲ ಹೆಗಲಿಗೆ ಹಾಕಿಕೊಂಡು, ಯಾರ ಮುಖವನ್ನೂ ನೋಡದೆ ಹೋದಳು.

ರಾಚಯ್ಯ ಅಷ್ಟಕ್ಕೇ ಬಿಡಲಿಲ್ಲ. ಪೇಟೆಯ ಹೈಸ್ಕೂಲಿಗೆ ವರ್ಷಕ್ಕೊಂದು ಮಗುವನ್ನು ಮಠ ತನ್ನ ಖರ್ಚಿನಲ್ಲಿ ಕಳಿಸುತ್ತಿತ್ತು. ಆ ವರ್ಷದ ಹೆಸರು ಯಂಕವ್ವನದು. ಆ ಹೆಸರು ಬರೆದ ಪತ್ರ ಮಾರನೆಯ ದಿನ ಮೂರು ಗಂಟೆಯ ಬಸ್ಸಿಗೆ ಹೋಗಬೇಕಿತ್ತು. ರಾಚಯ್ಯ ಅದೇ ಕೆಂಪು ಪೆನ್ನಿನಿಂದ ಅವಳ ಹೆಸರು ಹೊಡೆದುಹಾಕಿದ.

ಸಂಜೆ ಅಜ್ಜಾರು ಕಟ್ಟೆಯ ಮೇಲೆ ಕೂತು ಬೇಳೆಯೊಳಗಿನ ಕಲ್ಲು ಆರಿಸುತ್ತಿದ್ದರು. ರಾಚಯ್ಯ ನಡೆದದ್ದೆಲ್ಲ ಒದರಿದ.

“ಹುಡುಗಿ ಹೇಳಿದ್ದು ಸುಳ್ಳೋ?” ಅಜ್ಜಾರು ಕೇಳಿದರು.

“ಸುಳ್ಳರಿ ಅಜ್ಜಾರ.”

“ನೋಡೀದಿ?”

“ನೋಡೂದೇನೈತ್ರಿ ಅದರಾಗ?”

“ದಪ್ಪಂದೊಂದು ವ್ಯಾಕರಣದ ಪುಸ್ತಕ ಐತಲ್ಲ ನಿನ್ನ ಹತ್ರ. ತಲಿದಿಂಬು ಮಾಡ್ಕೊಂಡೀ ಏನು?”

ರಾಚಯ್ಯ ಧುಮುಗುಟ್ಟುತ್ತ ಹೋದ. ತಾನೇ ಸರಿ ಎಂದು ತೋರಿಸಲೆಂದೇ ಪುಸ್ತಕ ತೆರೆದ. ಆರು ವರ್ಷದಲ್ಲಿ ಒಮ್ಮೆಯೂ ತಿರುವಿರದ ಒಂದು ಪುಟದಲ್ಲಿ ಅದು ಸಿಕ್ಕಿತು. ‘ಸೋ’, ‘ಟೂ’, ‘ಹೌ’ ಇಂಥ ಮಾತು ಬಂದರೆ, ಗುಣ ಹೇಳುವ ಪದ ‘ಎ’ಯನ್ನು ದಾಟಿ ಮುಂದೆ ಹೋಗಿ ಕೂರುತ್ತದೆ. ಮೂರು ಸಲ ಓದಿದ. ಮೂರು ಸಲವೂ ಅದೇ ಇತ್ತು.

ಅವನ ಪಿತ್ತ ನೆತ್ತಿಗೇರಿತು. ಈ ಸಲ ಇಂಗ್ಲಿಷಿನ ಮೇಲೆ.

“ಎಂಥಾ ಲಜ್ಜಿಗೆಟ್ಟ ಭಾಷಾರಿ ಇದು!” ಎನ್ನುತ್ತಲೇ ಕಟ್ಟೆಗೆ ಮರಳಿದ. “ನಿಯಮ ಅಂದ ಮ್ಯಾಲ ನಿಯಮ. ಮುಂದ ಕುಂತಾಂವ ಮುಂದ ಕುಂದ್ರಬೇಕು. ‘ಇಷ್ಟು’ ಅಂತ ಯಾರೋ ಬಂದಕೂಡ್ಲೆ ಎದ್ದು ಜಾಗಾ ಬಿಡೂದಾ? ಮಾನ ಮರ್ಯಾದಿ ಇಲ್ಲೇನು ಆ ‘ಎ’ಗೆ?”

“ಅಂದ್ರ ಹುಡುಗಿ ಅಂದದ್ದು ಖರೆ.”

ರಾಚಯ್ಯ ಬೇಳೆಯ ಕಡೆ ನೋಡಿದ. “ಖರೇರಿ. ಪತ್ರದಾಗ ಹೆಸರು ಮತ್ತ ಬರೀತೀನ್ರಿ. ಯಾರಿಗೂ ಹೇಳೂದು ಬ್ಯಾಡ.”

“ತಪ್ಪು ಮಾಡಿದವರು ಎಲ್ಲಾರ ಮುಂದ ಅನಬೇಕು ಅಂದಿದ್ದಿ.”

“ಅದು ಮಕ್ಕಳಿಗ್ರಿ ಅಜ್ಜಾರ! ನಾ ಕಲಸಾಂವ. ನಾನ ತಪ್ಪಾತು ಅಂದ್ರ ನಾಳೆ ಯಾವ ಕೂಸು ನನ್ನ ಮಾತು ಕೇಳತೈತಿ?”

ಅಜ್ಜಾರು ಒಂದು ಕಲ್ಲು ಆರಿಸಿ ದೂರ ಎಸೆದರು. ಬೇಕಾದದ್ದಕ್ಕಿಂತ ಜೋರಾಗಿಯೇ ಎಸೆದರು.

“ಹುಲಿಗೆಪ್ಪ ಈಗ ಬಂದು ಹೋದ. ಹುಡುಗಿ ಆ ಪುಸ್ತಕ ಹೊಳಿಗೆ ಒಗದಾಳಂತ. ಇನ್ನ ಪಾಠಶಾಲಿ ಮುಖಾ ನೋಡೂದಿಲ್ಲ ಅಂದಾಳಂತ. ಊಟಾನೂ ಒಲ್ಲೆ ಅಂದಾಳಂತ. ನೀ ಹೆಸರು ಬರದ್ರ ಪ್ಯಾಟಿಗೆ ಹೋಗೂದು ಹೆಸರೋ, ಹುಡುಗಿಯೋ?”

ರಾಚಯ್ಯ ತಿರುಗಿ ತನ್ನ ಕೋಣೆಗೆ ನಡೆದ.

ಮರುದಿನ ಬೆಳಿಗ್ಗೆ ಪಾಠಕ್ಕೆ ಬಂದರೆ ಬಾಗಿಲಾಚೆಯ ಕಲ್ಲಿನ ಮೇಲೆ ಅಜ್ಜಾರು ಕೂತಿದ್ದರು. ತಲೆಯ ಮೇಲೆ ಶಾಲೂ ಇರಲಿಲ್ಲ.

“ಏನ್ರಿ ಇದು ಅಜ್ಜಾರ! ಏಳ್ರಿ ಮ್ಯಾಲ!”

“ತಪ್ಪು ಮಾಡಿದವರು ಕುಂದ್ರೂ ಜಾಗಾ ಅಲ್ಲೇನು? ನಿನ್ನ ಪಾಠ ಹೇಳಾಕ ಹಚ್ಚಿದಾಂವ ನಾನ.”

ರಾಚಯ್ಯ ಕೈ ಮುಗಿದ, ಬೇಡಿಕೊಂಡ, ಕೊನೆಗೆ ರೇಗಿದ. ಅಜ್ಜಾರು ಹೊಳೆ ನೋಡುತ್ತ ಕೂತೇ ಇದ್ದರು.

ಮಧ್ಯಾಹ್ನದ ಊಟದ ಗಂಟೆ ಹೊಡೆಯಿತು. ಅಜ್ಜಾರು ಮೊದಲ ತುತ್ತು ಎತ್ತದೆ ಆ ಮಠದಲ್ಲಿ ಯಾರೂ ಊಟಕ್ಕೆ ಕೈ ಹಾಕುತ್ತಿರಲಿಲ್ಲ. ಮಕ್ಕಳು ಸಾಲಾಗಿ ಕೂತವು. ನುಚ್ಚು ಬಡಿಸಿಯಾಗಿತ್ತು, ಸಾರು ಬಡಿಸಿಯಾಗಿತ್ತು. ಸಾರು ಆರುತ್ತಿತ್ತು. ಮಕ್ಕಳ ಹೊಟ್ಟೆ ತಾಳ ಹಾಕುತ್ತಿತ್ತು. ಎಲ್ಲವೂ ರಾಚಯ್ಯನನ್ನೇ ನೋಡುತ್ತಿದ್ದವು.

“ಇದು ಅನ್ಯಾಯರಿ!” ರಾಚಯ್ಯ ಕಲ್ಲಿನ ಹತ್ತಿರ ಓಡಿ ಬಂದ. “ಈ ಮಕ್ಕಳದೇನ್ರಿ ತಪ್ಪು?”

“ಅದನ್ನ ನನ್ನ ಕೇಳತೀ?” ಎಂದರು ಅಜ್ಜಾರು.

ರಾಚಯ್ಯ ಹೊಳೆಯ ಕಡೆ ನಡೆದ. ದಾರಿಯುದ್ದಕ್ಕೂ ಬೈದುಕೊಂಡ. ಅಜ್ಜಾರನ್ನು ಬೈಯಲಾರದೆ ಇಂಗ್ಲಿಷನ್ನು ಬೈದ, ಇಂಗ್ಲಿಷಿನವರನ್ನು ಬೈದ, ದೋಣಿಯಲ್ಲಿ ಪುಸ್ತಕ ಮರೆತುಹೋದ ಆ ಪುಣ್ಯಾತ್ಮನನ್ನೂ ಬಿಡಲಿಲ್ಲ.

ದೋಣಿ ಆಚೆ ದಡದಿಂದ ಬರುತ್ತಿತ್ತು. ಸಂತೆ ಮುಗಿಸಿದ ಏಳೆಂಟು ಜನ ಕೂತಿದ್ದರು. ಯಂಕವ್ವ ಡಬ್ಬಿಯಿಂದ ದೋಣಿಯೊಳಗಿನ ನೀರು ಮೊಗೆದು ಹಾಕುತ್ತಿದ್ದಳು. ಇಷ್ಟು ದೊಡ್ಡ ಹೊಳೆ, ಇಷ್ಟು ಸಣ್ಣ ದೋಣಿ. ಆರು ವರ್ಷದಿಂದ ದಿನಾ ಕಂಡದ್ದನ್ನು ರಾಚಯ್ಯ ಆಗ ನೋಡಿದ. ಹುಡುಗಿ ಒಂದಕ್ಷರವೂ ತಪ್ಪು ಬರೆದಿರಲಿಲ್ಲ. ಅವನಿಗೆ ನಾಚಿಕೆಯಾಯಿತು.

“ನಂದ ತಪ್ಪು,” ಎಂದ.

“ಏನಂದ್ರಿ ಸರ? ಗಾಳ್ಯಾಗ ಕೇಳವಲ್ದು!” ಹುಲಿಗೆಪ್ಪ ಕೂಗಿದ.

“ನಂದ ತಪ್ಪು!” ರಾಚಯ್ಯ ಗಂಟಲು ಹರಿಯುವಂತೆ ಕೂಗಿದ. “ಯಂಕವ್ವ ಬರದದ್ದು ಸರಿ! ನಾ ನೋಡದ ಬೈದೆ!”

ಸಂತೆಯವರೆಲ್ಲ ತಿರುಗಿ ನೋಡಿದರು. ದೋಣಿ ದಡ ಮುಟ್ಟಿತು. ಯಂಕವ್ವ ಡಬ್ಬಿ ಕೆಳಗಿಟ್ಟಳು. ಮುಖ ಬಾಡಿತ್ತು, ಕಣ್ಣು ಮಾತ್ರ ಉರಿಯುತ್ತಿದ್ದವು.

“ಇವರು ನನ್ನ ನೋಡಿರಲಿಲ್ಲರಿ ಸರ. ಯಾರ ಮುಂದ ಕಲ್ಲಿನ ಮ್ಯಾಲ ಕುಂದ್ರಿಸಿದ್ರಿ, ಅವರ ಮುಂದ ಅನ್ರಿ.”

ರಾಚಯ್ಯನೇ ಮಾಡಿದ ನಿಯಮ ಅದು.

“ಬಾ ಹಂಗಾದ್ರ,” ಎಂದ.

ಊಟದ ಸಾಲಿನ ನಡುವೆ ನಿಂತು ಅವನು ಎಲ್ಲವನ್ನೂ ಹೇಳಿದ. ಪುಸ್ತಕದ ಆ ಪುಟ ತೆರೆದು ಓದಿದ. ಎಲ್ಲರೂ ನೋಡುತ್ತಿರುವಾಗಲೇ ಹೆಸರು ಬರೆದು ಪತ್ರವನ್ನು ಬಸ್ಸಿಗೆ ಕಳಿಸಿದ. ದಪ್ಪ ಪುಸ್ತಕವನ್ನು ಯಂಕವ್ವನ ಕೈಗೆ ಕೊಟ್ಟ. ಅವಳು ಅದನ್ನು ಎದೆಗವಚಿಕೊಂಡು ಸಾಲಿನ ಕೊನೆಗೆ ಹೋಗಿ ಕೂತಳು. ಮಕ್ಕಳು ಯಾರೂ ನಗಲಿಲ್ಲ. ರಾಚಯ್ಯನಿಗೆ ಅದೇ ಆಶ್ಚರ್ಯ.

ಅಜ್ಜಾರು ಕಲ್ಲಿನಿಂದ ಎದ್ದು ಬಂದು ಸಾಲಿನ ಮೊದಲಿಗೆ ಕೂತರು. ಮೊದಲ ತುತ್ತು ಕಲಸಿದರು. ಎಲ್ಲರ ಕಣ್ಣೂ ಆ ಕೈಯ ಮೇಲಿತ್ತು. ಅಜ್ಜಾರು ತುತ್ತನ್ನು ಬಾಯಿಗಿಡಲಿಲ್ಲ. ಎದ್ದರು, ಸಾಲಿನ ಕೊನೆಯ ತನಕ ನಡೆದರು, ನಿನ್ನೆಯಿಂದ ಏನೂ ತಿನ್ನದ ಯಂಕವ್ವನ ಕೈಗೆ ಅದನ್ನಿಟ್ಟರು.

“ಉಣ್ಣವ್ವ.”

ರಾಚಯ್ಯನಿಗೆ ತಡೆಯಲಾಗಲಿಲ್ಲ. “ಅಜ್ಜಾರ! ನಿಮಗಿಂತ ಮುಂದ ಇಲ್ಲಿ ಯಾರೂ ಉಣ್ಣೂದಿಲ್ಲರಿ! ನಿಮ್ಮ ಅಜ್ಜಾರ ಕಾಲದಿಂದ ಬಂದ ನಿಯಮ!”

“ಇಷ್ಟು ಹಸದ ಕೂಸು ಬಂದಾಗ ಹಿಂದ ಸರೀಬೇಕೋ ರಾಚಯ್ಯ,” ಎಂದರು ಅಜ್ಜಾರು. “ನಿನ್ನ ಆ ಒಂದಕ್ಷರದ ‘ಎ’ಗೂ ಅಷ್ಟು ಬುದ್ಧಿ ಐತಿ.”