ಬಣ್ಣ ಹಚ್ಚಿಸಿಕೊಳ್ಳದೆ ಹೋದ ಕಿರಿಮಗಳು

ಭೂಮಿ ಇನ್ನೂ ತೊಟ್ಟಿಲ ಕೂಸಾಗಿದ್ದ ಕಾಲ. ಗಾಳಿಗೂ ಮಾತು ಬರುತ್ತಿತ್ತು, ಮೈಯೊಳಗಿನ ನೆತ್ತರಹೊಳೆಗೂ ಮಾತು ಬರುತ್ತಿತ್ತು. ಆಗ ಮೂಳೆಯೊಳಗಿನ ಕತ್ತಲಕೋಣೆಯಲ್ಲಿ ಮಜ್ಜಮ್ಮ ಅಂತ ಒಬ್ಬ ತಾಯಿ ಇದ್ದಳು. ಕಿಟಕಿಯಿಲ್ಲ, ಜಗಲಿಯಿಲ್ಲ, ನೆರೆಹೊರೆಯಿಲ್ಲ. ಹೊಸ್ತಿಲು ದಾಟುವ ಹಾಗೂ ಇಲ್ಲ. ಪಾಪ, ಮಾತಿಗೆ ಮಕ್ಕಳೇ ದಿಕ್ಕು.

ಮಕ್ಕಳೋ, ಕಣ್ಣಿಗೇ ಕಾಣದಷ್ಟು ಪುಟಾಣಿಗಳು! ಹೆತ್ತು, ಸಾಕಿ, ಬೆಳೆದ ಮೇಲೆ ಮೈತುಂಬ ಕೆಂಪು ಬಣ್ಣ ಹಚ್ಚಿ, ಉಸಿರಿನ ಬುತ್ತಿ ಹೊರಲು ಹೊಳೆಗೆ ಬಿಡುತ್ತಿದ್ದಳು. "ಬಣ್ಣ ಹಚ್ಚದೆ ಯಾರೂ ಹೊಸ್ತಿಲು ದಾಟಕೂಡದು, ಜೋಕೆ!" ಕೆಂಪುಮಕ್ಕಳು ಮೈಯೆಲ್ಲ ಸುತ್ತಿ ಬಾಗಿಲ ಹತ್ತಿರ ಹಾಯುವಾಗ "ಅಮ್ಮಾ, ಬಂದೆ" ಅನ್ನುವರು. ಅವಳಿಗೆ ಅಷ್ಟೇ ಸಾಕಿತ್ತು.

ಒಂದು ದಿನ ಕಿರಿಮಗಳಿಗೆ ಬಣ್ಣ ಕಲಸುತ್ತಿದ್ದಳು. ಅಷ್ಟರಲ್ಲಿ ಹೊಳೆ ಏದುಸಿರು ಬಿಡುತ್ತ ಬಂತು.

"ಮಜ್ಜಮ್ಮಾ, ಪಾದಕ್ಕೆ ಜಾಲಿಮುಳ್ಳು ನೆಟ್ಟಿದೆ! ಅದರ ಬೆನ್ನಿಗೇ ಕ್ರಿಮಿಗಳು ದಂಡುಕಟ್ಟಿ ನುಗ್ಗಿವೆ. ಯಾರನ್ನಾದರೂ ಕಳಿಸೇ!"

"ಕೆಂಪುಮಕ್ಕಳಿದ್ದಾರಲ್ಲ?"

"ಅವರ ತಲೆ ಮೇಲೆ ಬುತ್ತಿ. ಹೊಡೆದಾಡೋಕೆ ಕೈಗೆಲ್ಲಿ ಬಿಡುವು?"

"ನಾನು ಹೋಗ್ತೀನಮ್ಮ," ಎಂದಳು ಕಿರಿಮಗಳು.

"ಅಯ್ಯೋ, ತಡಿಯೇ, ಬಣ್ಣ..." ಮಜ್ಜಮ್ಮ ಏಳುವಷ್ಟರಲ್ಲಿ ಹುಡುಗಿ ಬೆಳ್ಳಗಿದ್ದ ಹಾಗೇ ಹೊಳೆಗೆ ಹಾರಿಬಿಟ್ಟಳು.

ಮಜ್ಜಮ್ಮ ಕಾದಳು. ಕೆಂಪುಮಕ್ಕಳು ಬಂದರು, ಹೋದರು. "ನಿಮ್ಮ ತಂಗಿ ಕಂಡಳೇನ್ರೋ?" "ಇಲ್ಲಮ್ಮ." ಇನ್ನೊಂದು ಸುತ್ತು. "ಕಂಡಳೇನ್ರೋ?" "ಇಲ್ಲಮ್ಮ." ಕೊನೆಗೆ ಒಬ್ಬ ತಲೆ ತಗ್ಗಿಸಿ ನಿಂತ.

"ಕಂಡಳಮ್ಮ. ಮುಳ್ಳಿನ ಪಕ್ಕ ಮಲಗಿದ್ದಾಳೆ. ಎಷ್ಟೋ ಕ್ರಿಮಿಗಳನ್ನು ನುಂಗಿಹಾಕಿದ್ದಾಳೆ. ಎಬ್ಬಿಸಿದೆ, ಏಳಲಿಲ್ಲ."

ಮಜ್ಜಮ್ಮ ಗೊಳೋ ಅಂತ ಅತ್ತಳು. ಕೇಳೋರು ಯಾರು? ನಾಲ್ಕೂ ಕಡೆ ಮೂಳೆಯ ಗೋಡೆ.

"ಕ್ರಿಮಿಗಳು ಇನ್ನೂ ಇವೆ ಕಣೇ," ಎಂದಿತು ಹೊಳೆ, ಮೆಲ್ಲಗೆ.

ಉಳಿದ ಮಕ್ಕಳು ಬಣ್ಣಕ್ಕೆಂದು ಸಾಲಾಗಿ ನಿಂತಿದ್ದರು. ಹಚ್ಚಿದರೆ ಸುತ್ತಿ ಬಂದು ಅಮ್ಮಾ ಅಂದಾರು. ಹಚ್ಚದಿದ್ದರೆ? ಹೆತ್ತವಳಿಗೆ ಅಷ್ಟೂ ಗೊತ್ತಾಗೋಲ್ಲವೇ! ಆದರೂ ಕೆಲವರ ಕೆನ್ನೆ ಸವರಿ, ಬೆಳ್ಳಗಿದ್ದ ಹಾಗೇ ಹೊಳೆಗೆ ಇಳಿಸಿದಳು. "ಹೋಗಿ ಬನ್ನಿ" ಅಂದಳು. ಬರೋಲ್ಲ ಅಂತ ಗೊತ್ತಿದ್ದೂ ಹಾಗೇ ಅಂದಳು. ಅವತ್ತಿನಿಂದ ದಿನಾ ಹಾಗೇ ಅನ್ನುತ್ತಾಳೆ.

ಅದಕ್ಕೇ ಕಣೋ ಕಂದ, ಮುಳ್ಳು ಚುಚ್ಚಿದ ಕಡೆ ಬೆಳ್ಳಗೆ ಕೀವು ಕಟ್ಟಿದರೆ ಛೀ ಅಂತ ಮೂಗು ಮುರಿಯಬೇಡ. ಮಜ್ಜಮ್ಮನ ಮನೆಗೆ ಮರಳದ ಮಕ್ಕಳು ಅಲ್ಲಿ ಮಲಗಿರುತ್ತಾರೆ.